ಬಳಸುವ ಮುನ್ನ ಮನೆಮಂದಿಯೆಲ್ಲ ಓದತಕ್ಕದ್ದು

ಪೊಟ್ಟಣದಲ್ಲಿ ಇರುವುದು: ಲೆಟ್ರೊಜೋಲ್ 2.5 ಮಿ.ಗ್ರಾಂ, ಐದು ಮಾತ್ರೆ.
ಇಲ್ಲದ್ದು: ಮಗು. ಪಿಸಿಒಎಸ್ ಎಂಬ ಹಾರ್ಮೋನು ತೊಂದರೆ ಇದ್ದವರಲ್ಲಿ ಅಂಡಾಣು ತಿಂಗಳು ತಿಂಗಳು ಹೊರಬರುವುದು ಕಷ್ಟ. ಅದನ್ನು ಹೊರಡಿಸಿದರೆ ಮಾತ್ರೆಯ ಕೆಲಸ ಮುಗಿಯಿತು.

1. ಹೆಸರನ್ನು ಗೂಗಲ್ ಮಾಡಿದರೆ ‘ಸ್ತನ ಕ್ಯಾನ್ಸರ್’ ಎಂದು ಬರುತ್ತದೆ. ಗಾಬರಿಯಾಗಿ ಊರಿಗೆಲ್ಲ ಫೋನ್ ಮಾಡಬೇಡಿ. ಇದು ಈಸ್ಟ್ರೋಜನ್ ತಗ್ಗಿಸುವ ಮಾತ್ರೆ, ಹಾಗಾಗಿ ಅಲ್ಲೂ ಬಳಸುತ್ತಾರೆ. ಇಲ್ಲಿ ಐದೇ ದಿನ. ಈಸ್ಟ್ರೋಜನ್ ಕಮ್ಮಿಯಾಯಿತೆಂದು ಮೆದುಳು ಎಫ್‌ಎಸ್‌ಎಚ್ ಎಂಬ ಹಾರ್ಮೋನನ್ನು ಹೆಚ್ಚಿಸಿ ಅಂಡಾಶಯವನ್ನು ಎಬ್ಬಿಸುತ್ತದೆ. ನೀವೊಬ್ಬರೇ ಹೆದರಿದ್ದಲ್ಲ: ಬಂಜೆತನದ ಚಿಕಿತ್ಸೆಗೆ ಇದನ್ನು ಬಳಸಕೂಡದೆಂದು ಕೇಂದ್ರ ಸರ್ಕಾರವೂ 2011ರಲ್ಲಿ ನಿಷೇಧಿಸಿ, 2017ರಲ್ಲಿ ಹಿಂತೆಗೆದುಕೊಂಡಿತು.

2. ಮುಟ್ಟಾದ ದಿನವೇ ಒಂದನೇ ದಿನ. ಸಾಮಾನ್ಯವಾಗಿ ಎರಡನೆಯ ಅಥವಾ ಮೂರನೆಯ ದಿನದಿಂದ, ಡಾಕ್ಟರು ಬರೆದಂತೆ, ದಿನಕ್ಕೊಂದು. ರಾಹುಕಾಲ ನೋಡಬೇಕಿಲ್ಲ.

3. ಆಮೇಲೆ ಫಾಲಿಕ್ಯುಲರ್ ಸ್ಟಡಿ, ಅಂದರೆ ಅಂಡಾಶಯದ ಕೋಶ ಬೆಳೆಯುವುದನ್ನು ಸ್ಕ್ಯಾನಿಂಗಿನಲ್ಲಿ ನೋಡುವುದು. ಸ್ಕ್ಯಾನಿಂಗ್ ಹಾಳೆಯಲ್ಲಿ ತಾರೀಖು, ಬಲ, ಎಡ, ಇ.ಟಿ. (ಗರ್ಭಕೋಶದ ಒಳಪದರದ ದಪ್ಪ) ಎಂಬ ಕಾಲಂಗಳು. ಮೊದಲ ಸಾಲಿನಲ್ಲಿ ‘ಎಂ.ಎಸ್.ಎಫ್.’ ಎಂದಿರುತ್ತದೆ, ಅಂದರೆ ಬರೀ ಸಣ್ಣ ಸಣ್ಣ ಕೋಶಗಳು. ಮುಂದಿನ ಸಾಲುಗಳಲ್ಲಿ ಒಂದು ಕೋಶ 12, 15, 18 ಮಿ.ಮೀ. ಎಂದು ಏರಿದರೆ ಒಳ್ಳೆಯದು. ಈ ಹಾಳೆಯನ್ನು ಫ್ಯಾಮಿಲಿ ಗ್ರೂಪಿಗೆ ಹಾಕತಕ್ಕದ್ದಲ್ಲ.

4. ಕೆಲವರಿಗೆ ಆಗ ಎಚ್‌ಸಿಜಿ ಇಂಜೆಕ್ಷನ್ ಕೊಡುತ್ತಾರೆ. ಸುಮಾರು 36 ಗಂಟೆಗೆ ಅಂಡಾಣು ಹೊರಬರುತ್ತದೆ. ಆ ಎರಡು ದಿನ ಗಂಡನನ್ನು ಗೃಹಪ್ರವೇಶ, ಜಾತ್ರೆ ಎಂದು ಊರಿಗೆ ಕರೆಸಬೇಡಿ; ನೀವೂ ಉಳಿಯಲು ಬರಬೇಡಿ.

5. ಗಂಡನ ವೀರ್ಯ ಪರೀಕ್ಷೆ ಮೊದಲೇ ಆಗಿರಬೇಕು. ‘ನಮ್ಮ ವಂಶದಲ್ಲಿ ಅಂಥದ್ದೆಲ್ಲ ಇಲ್ಲ’ ಎಂಬ ಮಾತನ್ನು ಯಾವ ಲ್ಯಾಬೂ ರಿಪೋರ್ಟೆಂದು ಒಪ್ಪುವುದಿಲ್ಲ.

6. ‘ಶುಗರ್ ಇಲ್ಲದವಳಿಗೆ ಶುಗರ್ ಮಾತ್ರೆ ಯಾಕೆ?’ ಪಿಸಿಒಎಸ್‌ನಲ್ಲಿ ಎಷ್ಟೋ ಜನರ ಮೈ ಇನ್ಸುಲಿನ್‌ಗೆ ಬಗ್ಗುವುದಿಲ್ಲ, ಅದಕ್ಕೆ ಮೆಟ್‌ಫಾರ್ಮಿನ್. ಮೊದಮೊದಲು ಹೊಟ್ಟೆ ಕೆಡುತ್ತದೆ. ವಾಕರಿಕೆ ಕಂಡೊಡನೆ ಸಿಹಿ ಹಂಚಬೇಡಿ.

ಎಚ್ಚರಿಕೆ: ಮಾತ್ರೆಗೆ ಜಗ್ಗದಿದ್ದರೆ ಗೊನಾಡೊಟ್ರೋಪಿನ್ ಇಂಜೆಕ್ಷನ್ ಇದೆ. ಅದರಲ್ಲಿ ಅವಳಿ-ತ್ರಿವಳಿಯ ಸಂಭವ ಹೆಚ್ಚು. ಹೊಟ್ಟೆ ಉಬ್ಬಿ ಉಸಿರು ಕಟ್ಟಿದರೆ ‘ಗ್ಯಾಸು’ ಎಂದು ಜೀರಿಗೆ ಕಷಾಯ ಕಾಯಿಸುತ್ತ ಕೂರದೆ ಆಸ್ಪತ್ರೆಗೆ ಓಡಿ.

ದೋಷ ನಿವಾರಣೆ: ಮತ್ತೆ ಮುಟ್ಟಾದರೆ ಮಾತ್ರೆ ಕೆಲಸ ಮಾಡಲಿಲ್ಲವೆಂದಲ್ಲ, ಅಂಡಾಣು ಹೊರಬಂದೂ ಗರ್ಭ ನಿಲ್ಲದಿರಬಹುದು. ಅಂಡಾಣು ಬಾರದಿದ್ದರೆ 5, ನಂತರ 7.5 ಮಿ.ಗ್ರಾಂಗೆ ಏರಿಸುವುದುಂಟು. ಏರಿಸುವ ಅಧಿಕಾರ ಡಾಕ್ಟರದು, ಚಿಕ್ಕಮ್ಮನದಲ್ಲ. ‘ಏನಾದ್ರೂ ವಿಶೇಷ?’ ಎಂಬ ಪ್ರಶ್ನೆಯ ಸುರಕ್ಷಿತ ಪ್ರಮಾಣ: ಸೊನ್ನೆ.

ಗ್ಯಾರಂಟಿ: ಇಲ್ಲ. 2014ರಲ್ಲಿ ಪ್ರಕಟವಾದ, ಅಮೆರಿಕದ 750 ಮಹಿಳೆಯರ ಅಧ್ಯಯನದಲ್ಲಿ ಐದು ಸುತ್ತಿನವರೆಗೆ ಚಿಕಿತ್ಸೆ ಕೊಟ್ಟರು. ಮಗು ಹೆತ್ತವರು ಹಳೆಯ ಕ್ಲೋಮಿಫೀನ್‌ನಲ್ಲಿ ಶೇ. 19.1, ಲೆಟ್ರೊಜೋಲ್‌ನಲ್ಲಿ ಶೇ. 27.5. ಉಳಿದವರ ಮನೆಗಳಲ್ಲಿ ತಪ್ಪು ಸೊಸೆಯದೆಂದು ಆ ವರದಿ ಎಲ್ಲೂ ಹೇಳಿಲ್ಲ.