ಸೊಕ್ಕಿದ್ದರೆ ಯಾಣ, ರೊಕ್ಕಿದ್ದರೆ ಸಿನಿಮಾ: ಒಂದು ಬಂಡೆಯ ಸಂದರ್ಶನ

ಭೈರವೇಶ್ವರ ಶಿಖರವು ಕುಮಟಾ ತಾಲ್ಲೂಕಿನ ಯಾಣದಲ್ಲಿರುವ ಸುಮಾರು 120 ಮೀಟರ್ ಎತ್ತರದ ಕಪ್ಪು ಸುಣ್ಣಕಲ್ಲಿನ ಬಂಡೆ. ಪಕ್ಕದ ಮೋಹಿನಿ ಶಿಖರ ಸುಮಾರು 90 ಮೀಟರ್. 1990ರ ದಶಕದಲ್ಲಿ ಸುನೀಲ್ ಕುಮಾರ್ ದೇಸಾಯಿ ಅವರ ‘ನಮ್ಮೂರ ಮಂದಾರ ಹೂವೇ’ ಚಿತ್ರದಲ್ಲಿ ಕಾಣಿಸಿಕೊಂಡ ಮೇಲೆ ಭೈರವೇಶ್ವರ ಶಿಖರ ನಾಡಿಗೆಲ್ಲ ಪರಿಚಿತವಾಯಿತು. ಸ್ಟಾರ್‌ಗಳ ಸಹವಾಸದಿಂದಾಗಿ ತನ್ನನ್ನು ‘ಈ ಶಿಖರ’ ಎಂದೇ ಕರೆದುಕೊಳ್ಳುತ್ತದೆ. ಅಂಕಣಕಾರರ ಪ್ರಶ್ನೆಗಳು, ಶಿಖರದ ಉತ್ತರಗಳು ಹೀಗಿವೆ.

ಪ್ರಶ್ನೆ: ಲಾಭಕ್ಕೂ ಹೊಸತನಕ್ಕೂ ವೈರವೇ?

ಶಿಖರ: ಮೊದಲಿಗೆ ಅಲ್ಲ. 2006ರ ‘ಮುಂಗಾರು ಮಳೆ’ ಗೆದ್ದಾಗ ಗಣೇಶ್ ಅವರಿಗೆ ಸ್ಟಾರ್ ಪಟ್ಟ ಇರಲಿಲ್ಲ. 2022ರ ‘ಕಾಂತಾರ’ ಕುಂದಾಪುರ ಸೀಮೆಯ ಮಾತನ್ನು, ಕರಾವಳಿಯ ದೈವವನ್ನು ನಂಬಿ ಗೆದ್ದಿತು. ದುಡ್ಡು ಹುಟ್ಟಿದ್ದೇ ಹೊಸತನದಿಂದ. ಆಮೇಲಿನದು ಇಲ್ಲಿನ ಸ್ಥಳಪುರಾಣ. ತಲೆಯ ಮೇಲೆ ಕೈಯಿಟ್ಟರೆ ಸುಟ್ಟುಹಾಕುವ ವರವನ್ನು ಶಿವ ಕೊಟ್ಟ, ಭಸ್ಮಾಸುರ ಅದನ್ನು ಕೊಟ್ಟವನ ತಲೆಯ ಮೇಲೇ ಪರೀಕ್ಷಿಸಲು ಹೊರಟ. ಸಿನಿಮಾದಲ್ಲೂ ಹಾಗೇ: ‘ಮುಂಗಾರು ಮಳೆ’ ಗೆದ್ದಿತೆಂದು ಸಾಲುಸಾಲು ಚಿತ್ರಗಳಲ್ಲಿ ಮಳೆ. 2018ರಲ್ಲಿ ‘ಕೆಜಿಎಫ್’ ಗೆದ್ದಿತೆಂದು ಎಲ್ಲೆಲ್ಲೂ ಗಡ್ಡ, ಮಸಿ, ಗುಡುಗುವ ಹಿನ್ನೆಲೆ ಧ್ವನಿ.

ಪ್ರಶ್ನೆ: ಭಸ್ಮಾಸುರ ಎಂದರೆ ಹೊನ್ನಾವರದ ಯಕ್ಷಗಾನ ಕಲಾವಿದ ಚಿಟ್ಟಾಣಿ ರಾಮಚಂದ್ರ ಹೆಗಡೆ ಅವರ ಭಸ್ಮಾಸುರನಲ್ಲವೇ? ಆ ಕುಣಿತದ ಮುಂದೆ ಗ್ರಾಫಿಕ್ಸ್ ಯಾವ ಲೆಕ್ಕ?

ಶಿಖರ: ಕೇಳಬೇಕಾದ್ದು ಡ್ರೋನ್ ಬಗ್ಗೆ. ಹಿಂದೆ ಕ್ಯಾಮೆರಾದವರು ಕೆಳಗೆ ನಿಂತು, ಕತ್ತು ನೋಯಿಸಿಕೊಂಡು ನೋಡುತ್ತಿದ್ದರು. ಈಗ ಡ್ರೋನ್ ನೆತ್ತಿಯ ಮೇಲೇ ಗುಂಯ್‌ಗುಡುತ್ತದೆ. ನೆತ್ತಿಯ ಮೇಲೆ ಏನು ಬಂದರೂ ಈ ಕ್ಷೇತ್ರಕ್ಕೆ ಹಳೆಯ ಭಯವಿದೆ.

ಪ್ರಶ್ನೆ: ನಿರ್ಮಾಪಕರು ಹೊಸ ಕತೆಗೆ ಹೆದರುವುದೇಕೆ?

ಶಿಖರ: ದೊಡ್ಡ ಚಿತ್ರದ ಖರ್ಚಿನಲ್ಲಿ ಅನೇಕ ಸಲ ಭಾರೀ ಪಾಲು ನಾಯಕನ ಸಂಭಾವನೆಗೇ ಹೋಗುತ್ತದೆ. ಆ ದುಡ್ಡು ಚಿತ್ರಮಂದಿರದಿಂದಲೇ ವಾಪಸಾಗುವುದು ಕಷ್ಟ. ಟಿವಿ, ಒಟಿಟಿ, ಡಬ್ಬಿಂಗ್ ಹಕ್ಕು ಮಾರಬೇಕು. ಕೊಳ್ಳುವವರು ಮೊದಲು ಕೇಳುವುದು ನಾಯಕ ಯಾರೆಂದು; ಕತೆಯ ಸರದಿ ಆಮೇಲೆ. ಡಬ್ಬಿಂಗ್‌ಗಾಗಿ ಐದು ಭಾಷೆಗೆ ಒಗ್ಗಬೇಕಾದ ಕತೆಯಲ್ಲಿ ಒಂದೂರಿನ ಮಾತು ಮೊದಲು ಉದುರುತ್ತದೆ. ಉಳಿಯುವುದು ಹಿನ್ನೆಲೆಯ ಬಂಡೆ. ಅದೂ ಡ್ರೋನ್‌ನಿಂದ.

ಪ್ರಶ್ನೆ: 2025ರಲ್ಲಿ ರಾಜ್ಯ ಸರ್ಕಾರ ಸಿನಿಮಾ ಟಿಕೆಟ್‌ಗೆ ತೆರಿಗೆ ಹೊರತುಪಡಿಸಿ 200 ರೂಪಾಯಿಯ ಮಿತಿ ಹಾಕಿತು, ಹೈಕೋರ್ಟ್ ತಡೆ ನೀಡಿತು. ಬಯಲಾಟಕ್ಕಾದರೆ ಟಿಕೆಟ್ಟೇ ಇಲ್ಲ. ಯಕ್ಷಗಾನವೇ ಮೇಲಲ್ಲವೇ?

ಶಿಖರ: ಟಿಕೆಟ್ ಬಗ್ಗೆ ಈ ಶಿಖರಕ್ಕೆ ಅಭಿಪ್ರಾಯವಿಲ್ಲ. ಯಕ್ಷಗಾನದ ಬಗ್ಗೆ ಇದೆ: ಟಿಕೆಟ್ ಇಟ್ಟು ಆಡುವ ಟೆಂಟ್ ಮೇಳಗಳೂ ಗಲ್ಲಾಪೆಟ್ಟಿಗೆಗಾಗಿ ಸಿನಿಮಾ ಕತೆಗಳನ್ನು ಪ್ರಸಂಗ ಮಾಡಿ ಕುಣಿಸಿವೆ.

(ಅಂಕಣಕಾರರು ನೀರು ಕುಡಿದರು.)

ಪ್ರಶ್ನೆ: ಸಿನಿಮಾದಿಂದ ಈ ಸೀಮೆಗೆ ಸಿಕ್ಕಿದ್ದೇನು?

ಶಿಖರ: ತಮಾಷೆ ಸಾಕು. ಸಿನಿಮಾಕ್ಕೆ ಭಟ್ಕಳವೆಂದರೆ ಮುರ್ಡೇಶ್ವರದ 123 ಅಡಿಯ ಶಿವ, ಹೊನ್ನಾವರವೆಂದರೆ ಶರಾವತಿಯ ದೋಣಿ, ಕುಮಟಾವೆಂದರೆ ಯಾಣ. ಇಲ್ಲಿ ಹಾಲಕ್ಕಿಗಳಿದ್ದಾರೆ, ಖಾರ್ವಿಗಳಿದ್ದಾರೆ, ಅಂಬಿಗರಿದ್ದಾರೆ, ಭಟ್ಕಳದ ನವಾಯತರಿದ್ದಾರೆ. ದೋಣಿ ತೋರಿಸುತ್ತಾರೆ, ಹುಟ್ಟು ಹಾಕುವವನಿಗೆ ಹೆಸರಿಲ್ಲ. ಹಾಡು ಮುಗಿದರೆ ಗಾಡಿ ಬೆಂಗಳೂರಿಗೆ. ಈ ಜನರ ಮಾತು ತೆರೆಗೆ ಬಂದರೂ ಹಾಸ್ಯನಟನ ಬಾಯಲ್ಲಿ, ನಗುವುದಕ್ಕೆ. ಊರನ್ನು ಬಳಸಿಕೊಂಡು ಊರವರನ್ನು ಅಳಿಸಿಹಾಕುವುದು ಕಳ್ಳತನ. ಆಗುವುದಿಲ್ಲ ಎಂಬ ನೆಪ ಬೇಡ. ರಾಮ್ ರೆಡ್ಡಿ ಅವರ ‘ತಿಥಿ’ ಮಂಡ್ಯ ಸೀಮೆಯ ಹಳ್ಳಿಗರನ್ನೇ ನಟರಾಗಿಸಿ 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆಯಿತು.

ಪ್ರಶ್ನೆ: ಪರಿಹಾರ?

ಶಿಖರ: ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ ಎಂಬ ಮಾತಿದೆ. ರೊಕ್ಕಿದ್ದವರು ಗೋಕರ್ಣದ ರೆಸಾರ್ಟಿನಲ್ಲಿ ಉಳಿದು, ಒಂದು ಹಗಲು ಇಲ್ಲಿ ಹಾಡು ತೆಗೆದು ಹೋಗುತ್ತಾರೆ. ಲಾಭ ಬೇಡವೆಂದು ಯಾರೂ ಹೇಳುತ್ತಿಲ್ಲ. ಲಾಭ ಕೊಟ್ಟ ಹೊಸತನವನ್ನು ಸುಡಬೇಡಿ ಎಂದಷ್ಟೇ. ಕತೆ ಬರೆಯುವ ಸೊಕ್ಕಿರುವವರು ಬಂದು ಒಂದು ಮಳೆಗಾಲ ಊರವರ ಜತೆ ಇರಲಿ. ಡ್ರೋನ್ ಮಾತ್ರ ತರಬಾರದು.