ಜೆ.ಸಿ. ರಸ್ತೆಯ ಜರಡಿ

ನಮ್ಮ ಕಾರಿನಲ್ಲಿ ತನಿ ಆವರ್ತನ ಶುರುವಾಯಿತೆಂದರೆ ಮುಂದಿನ ಎಡ ಬಾಗಿಲೂ ಪಕ್ಕವಾದ್ಯಕ್ಕೆ ಕೂತುಬಿಡುತ್ತಿತ್ತು. ಮೃದಂಗ ‘ಗುಂ’ ಎಂದರೆ ಅದು ‘ಜರ್‍ರ್’ ಎನ್ನುತ್ತಿತ್ತು. ವರ್ಷಗಟ್ಟಲೆ ಸಹಿಸಿಕೊಂಡಿದ್ದೆ. ಒಮ್ಮೆ ಮೈಸೂರಿನಿಂದ ಬರುವಾಗ ಮದ್ದೂರಿನ ಹತ್ತಿರ ನನ್ನಾಕೆ, “ರೀ, ಸ್ವಲ್ಪ ಸೈಡಿಗೆ ಹಾಕಿ, ಏನೋ ಕಳಚಿಕೊಂಡಿದೆ” ಎಂದಳು. ಇಳಿದು ಬಗ್ಗಿ ನೋಡಿದೆ, ನಾಲ್ಕೂ ಚಕ್ರ ಒದ್ದು ನೋಡಿದೆ. ಏನೂ ಕಳಚಿರಲಿಲ್ಲ. ಅದು ಘಟ.

ಇನ್ನು ತಡೆಯುವುದು ವಿದ್ವಾಂಸರಿಗೆ ಮಾಡುವ ಅವಮಾನವೆನ್ನಿಸಿ ಜೆ.ಸಿ. ರಸ್ತೆಗೆ ಹೋದೆ. ಬೆಂಗಳೂರಿನಲ್ಲಿ ಕಾರಿಗೆ ಏನೇ ಬೇಕೆಂದರೂ ಅಲ್ಲಿಗೇ ತಾನೆ ಹೋಗುವುದು. ಜೆ.ಸಿ. ಎಂದರೆ ಜಯಚಾಮರಾಜೇಂದ್ರ. ತೊಂಬತ್ತಕ್ಕೂ ಹೆಚ್ಚು ಕೃತಿ ರಚಿಸಿದ ದೊರೆ. 1940ರ ದಶಕದ ಕೊನೆಯಲ್ಲಿ ರಷ್ಯದ ಮೆಟ್ನರ್ ಎಂಬ ಸಂಗೀತಗಾರನ ಕೃತಿಗಳು ರೆಕಾರ್ಡ್ ಆಗಲೆಂದು ಹಣ ಕೊಟ್ಟವರು, ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರು. ಅವರ ಹೆಸರಿನ ರಸ್ತೆಯಲ್ಲೇ ಸ್ಪೀಕರ್ ಮಾರುತ್ತಾರಲ್ಲ, ನಾದದ ನಂಟು ಎಲ್ಲಿಗೆ ಹೋಗುತ್ತದೆ ಎಂದು ಭಾವುಕನಾಗುತ್ತಿದ್ದೆ. ಅಷ್ಟರಲ್ಲಿ ಪಕ್ಕದ ಅಂಗಡಿಯವರು ಲಾರಿ ಹಾರ್ನ್ ಒತ್ತಿ ನೋಡಿದರು.

ಮೊದಲ ಅಂಗಡಿಯ ಹುಡುಗ ಹೊಳೆಯುವ ಆಂಪ್ಲಿಫೈಯರ್ ಒಂದನ್ನು ಮುಂದೆ ಇಟ್ಟ. “ಮೂರು ಸಾವಿರ ವ್ಯಾಟ್, ಅಂಕಲ್! ಬೀದಿಯೆಲ್ಲ ತಿರುಗಿ ನೋಡ್ಬೇಕು.” ಬೀದಿ ನನ್ನನ್ನು ನೋಡಿ ಏನು ಮಾಡುತ್ತದೆ? ಪೆಟ್ಟಿಗೆ ತಿರುಗಿಸಿದೆ. ಹಿಂಬದಿಯಲ್ಲಿ 20 ಆಂಪಿಯರ್‌ನ ಒಂದೇ ಒಂದು ಫ್ಯೂಸ್. ಓಡುವ ಕಾರಿನಲ್ಲಿ ಸಿಗುವುದು ಸುಮಾರು 14 ವೋಲ್ಟ್. ಇಪ್ಪತ್ತರಿಂದ ಗುಣಿಸಿದರೆ 280 ವ್ಯಾಟ್. ಒಳಗೆ ಹೋಗುವುದೇ ಅಷ್ಟು, ಅದರಲ್ಲೂ ಒಂದು ಪಾಲು ಬಿಸಿಯಾಗಿ ಹೋಗುತ್ತದೆ. ಹೊರಗೆ ಮೂರು ಸಾವಿರ ಬರಲು ಅದೇನು ಅಕ್ಷಯಪಾತ್ರೆಯೇ? ಡಬ್ಬದ ಮೇಲಿನ ‘ಪೀಕ್’ ಸಂಖ್ಯೆ ಗಂಡಿನ ಕಡೆಯವರು ಹೇಳುವ ಸಂಬಳ ಇದ್ದಂತೆ. ಕೈಗೆ ಬರುವುದೆಷ್ಟು ಎಂದು ತಿಳಿಯಲು ‘ಆರ್‌ಎಂಎಸ್’ ಎಂಬ ಸಣ್ಣಕ್ಷರ ಹುಡುಕಬೇಕು. ಇನ್ನೊಂದು ಮಾತು: ವ್ಯಾಟ್ ದುಪ್ಪಟ್ಟಾದರೆ ಧ್ವನಿ ಏರುವುದು ಬರೀ 3 ಡೆಸಿಬೆಲ್. ಕಿವಿಗೆ ಎರಡು ಪಟ್ಟು ಅನ್ನಿಸಲು ವ್ಯಾಟ್ ಹತ್ತು ಪಟ್ಟು ಬೇಕು. ಇದನ್ನು ಹುಡುಗನಿಗೆ ವಿವರಿಸಿದೆ. ಅವನು ಆಂಪ್ಲಿಫೈಯರನ್ನು ಬಟ್ಟೆಯಲ್ಲಿ ಒರೆಸಿ ಒಳಗಿಟ್ಟ.

ಎರಡನೆಯ ಅಂಗಡಿಯ ಯಜಮಾನರು ವ್ಯಾಟಿನ ಮಾತೇ ಎತ್ತಲಿಲ್ಲ. ಬಾಗಿಲಿನ ಒಳಹೊದಿಕೆ ಬಿಚ್ಚಿ, ಕಂಪನಿ ಕೊಟ್ಟ ಸ್ಪೀಕರನ್ನು ನನ್ನ ಅಂಗೈಯಲ್ಲಿಟ್ಟರು. ಹಪ್ಪಳದಂಥ ಕಾಗದದ ಕೋನು, ಬೆನ್ನಿಗೊಂದು ಬಡಕಲು ಆಯಸ್ಕಾಂತ. “ಪಾಪ, ಇದರ ಕೈಲಿ ಎಲ್ಲಾನೂ ಹಾಡಿಸ್ತೀರಿ ಸಾರ್” ಎಂದರು. ಆಮೇಲೆ ಸೋಪಿನ ಪೆಟ್ಟಿಗೆಯಷ್ಟಿದ್ದ ಒಂದು ಕ್ರಾಸ್‌ಓವರ್ ತೆರೆದು ತೋರಿಸಿದರು. ಒಳಗೆ ತಾಮ್ರದ ತಂತಿ ಒತ್ತಾಗಿ ಸುತ್ತಿದ ಎರಡು ಉಂಡೆ, ಎರಡು ಕೆಪಾಸಿಟರು. ಅಷ್ಟೇ. ಸುರುಳಿ ಮಂದ್ರವನ್ನು ಬಿಟ್ಟು ತಾರವನ್ನು ತಡೆಯುತ್ತದೆ, ಕೆಪಾಸಿಟರಿನದು ಅದರ ತದ್ವಿರುದ್ಧ ಸ್ವಭಾವ. ನನಗೆ ಅಜ್ಜಿಯ ಜರಡಿಗಳ ನೆನಪಾಯಿತು. ಬೀಸಿದ ಗೋಧಿ ಒಂದೇ, ಆದರೆ ಚಿರೋಟಿಗೆ ಹೋಗುವುದು ಬೇರೆ, ಉಪ್ಪಿಟ್ಟಿಗೆ ಹೋಗುವುದು ಬೇರೆ. ಸುಮಾರು ಮೂರು ಸಾವಿರ ಹರ್ಟ್ಸ್‌ಗಿಂತ ಮೇಲಿನದು ಪುಟ್ಟ ಟ್ವೀಟರಿಗೆ, ಕೆಳಗಿನದು ಬಾಗಿಲಿನ ಆರೂವರೆ ಇಂಚಿನದಕ್ಕೆ. 80 ಹರ್ಟ್ಸ್‌ಗಿಂತ ಕೆಳಗಿನದನ್ನು ಬಾಗಿಲಿನ ಪಾಲಿಗೆ ಕೊಡಲೇಬಾರದು, ಅದು ಸೀಟಿನಡಿಯ ಸಬ್‌ವೂಫರಿನ ಕೆಲಸ.

ಜರಡಿಯಾದರೂ ಒಂದೆರಡು ನುಚ್ಚು ಜಾರುತ್ತದೆ. 80ರ ಗೆರೆ ಎಳೆದ ಮಾತ್ರಕ್ಕೆ 79 ಪೂರ್ತಿ ನಿಲ್ಲುವುದಿಲ್ಲ. 12 ಡೆಸಿಬೆಲ್ ಇಳಿಜಾರಿನ ಕ್ರಾಸ್‌ಓವರಾದರೆ, 40 ಹರ್ಟ್ಸ್ ತಲುಪುವ ಹೊತ್ತಿಗೆ ಶಕ್ತಿ ಹದಿನಾರರಲ್ಲಿ ಒಂದು ಪಾಲಿಗೆ ಇಳಿದಿರುತ್ತದೆ. ನಮ್ಮ ಬಾಗಿಲಿಗೆ ಅಷ್ಟು ಸಾಕಾಯಿತು.

ಕೊನೆಗೆ ಚಾನೆಲ್‌ಗೆ 60 ವ್ಯಾಟ್ ಆರ್‌ಎಂಎಸ್ ಕೊಡುವ, ನಾಲ್ಕು ಚಾನೆಲ್ಲಿನ, ಕ್ಲಾಸ್ ಡಿ ಆಂಪ್ಲಿಫೈಯರ್ ತೆಗೆದುಕೊಂಡೆ. ಎರಡು ಚಾನೆಲ್ ಮುಂದಿನ ಬಾಗಿಲುಗಳಿಗೆ, ಉಳಿದೆರಡನ್ನು ಸೇರಿಸಿ ಸಬ್‌ವೂಫರಿಗೆ. ಹಿಂದಿನ ಸೀಟಿನವರಿಗೆ ಏನೂ ಇಲ್ಲ. ಅವರು ಹೇಗೂ ಮೊಬೈಲು ನೋಡುತ್ತಾರೆ. ಬ್ಯಾಟರಿಯ ಬುಡದಲ್ಲೇ ಫ್ಯೂಸ್ ಹಾಕಿಸಿದರು, ಬಾಗಿಲಿನೊಳಗೆ ರಬ್ಬರಿನಂಥ ಹಾಳೆ ಅಂಟಿಸಿದರು. ಆ ಹಾಳೆಯಲ್ಲೇ ಅರ್ಧ ಜರ್‍ರ್ ಅಡಗಿತು.

ಮನೆಗೆ ಬಂದ ಮೇಲೆ ಗೇನ್ ತಿರುಪನ್ನು ವಾಲ್ಯೂಮ್ ಎಂದು ತಿಳಿದು ಪೂರ್ತಿ ತಿರುಗಿಸಿದ್ದು ನನ್ನದೇ ಪ್ರತಾಪ. ತಂಬೂರಿ ಶುರುವಾಗುವ ಮೊದಲೇ ಒಗ್ಗರಣೆಯ ಸದ್ದು ಕೇಳಿಸಿತು. ಮರುದಿನ ಇಂಜಿನ್ ವೇಗಕ್ಕೆ ತಕ್ಕಂತೆ ‘ಊಂ’ ಎಂಬ ಇನ್ನೊಂದು ಶ್ರುತಿ ಸೇರಿಕೊಂಡಿತು. ಯಜಮಾನರು ಅರ್ಥಿಂಗ್ ಬೋಲ್ಟಿನ ಕೆಳಗಿನ ಪೇಂಟ್ ಕೆರೆದು ಬಿಗಿ ಮಾಡಿದರು, ಗೇನ್ ಕಾಲುಭಾಗಕ್ಕೆ ಇಳಿಸಿದರು, ದುಡ್ಡು ತೆಗೆದುಕೊಳ್ಳಲಿಲ್ಲ.

ಈಗ ಘಟ ಘಟದಂತೆಯೇ ಕೇಳುತ್ತದೆ. ಮೊನ್ನೆ ಮದ್ದೂರಿನ ಹತ್ತಿರ ಮತ್ತೆ ಟಕಟಕ ಎಂದಿತು. ನನ್ನಾಕೆ ಕಣ್ಣು ಮುಚ್ಚಿ ತಾಳ ಹಾಕುತ್ತಿದ್ದಳು. ನಾನೂ ಬೆಂಗಳೂರು ಮುಟ್ಟುವವರೆಗೆ ತಲೆದೂಗಿದೆ. ಮನೆಯ ಮುಂದೆ ಇಳಿದು ನೋಡಿದರೆ, ಈ ಸಲ ನಿಜಕ್ಕೂ ಬಂಪರ್ ಕಳಚಿಕೊಂಡಿತ್ತು.