ವಾಚು ಹೋಲಿಸುವ ಕೈಪಿಡಿ: ಘಟ್ಟದ ಮೇಲಿನ ಆವೃತ್ತಿ

ಈ ಕೈಪಿಡಿ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ವಾಚು ಹುಚ್ಚಿನವರಿಗೆ ಮಾತ್ರ. ಜಿನೀವಾದಿಂದ ಬರುವ ಚಂದದ ಕೈಪಿಡಿಗಳಲ್ಲಿ ನಮ್ಮ ಜೂನ್ ತಿಂಗಳ ಪ್ರಸ್ತಾಪವೇ ಇರುವುದಿಲ್ಲ. ಅವನ್ನು ನಂಬಿ ಕೆಟ್ಟವರಿಗೆ ನಾವು ಹೊಣೆಯಲ್ಲ.

ಮೊದಲು ಬೆಲೆ. ಅದನ್ನು ರೂಪಾಯಿಯಲ್ಲಿ ಹೋಲಿಸಬೇಡಿ, ಎದೆ ಒಡೆದೀತು, ಅಡಿಕೆಯಲ್ಲಿ ಹೋಲಿಸಿ. ಶಿರಸಿ, ಸಿದ್ದಾಪುರದವರು ಚಾಲಿಯಲ್ಲೂ ಯಲ್ಲಾಪುರದವರು ರಾಶಿಯಲ್ಲೂ ಲೆಕ್ಕ ಹಾಕುವುದು ಕ್ರಮ. ಎರಡನ್ನೂ ಬೆರೆಸಿದರೆ ರಾಶಿಯ ದರ ಮೇಲಿರುವಾಗ ಯಲ್ಲಾಪುರದವನ ರೋಲೆಕ್ಸ್ ವಿನಾಕಾರಣ ಅಗ್ಗವಾಗಿ ಕಾಣುತ್ತದೆ. ಮನೆಯಲ್ಲಿ ಹೇಳುವ ಬೆಲೆಯ ವಿಧಾನವೇ ಬೇರೆ. ಅಪ್ಪಚ್ಚಿ ಜಗಲಿಯಲ್ಲಿ ಕುಳಿತು "ಎಷ್ಟು ಕೊಟ್ಯಾ ತಮಾ?" ಎಂದು ಕೇಳಿದರೆ ಒಂದು ಸೊನ್ನೆ ಬಿಟ್ಟು ಹೇಳಿ. ಸ್ವಿಸ್ ವಾಚಾದರೆ ಎರಡು.

ನಿಖರತೆಯ ವಿಷಯದಲ್ಲಿ ಹೆಚ್ಚು ಮಾತು ಬೇಡ. ದಿನಕ್ಕೆ 2 ಸೆಕೆಂಡು ಹಿಂದೆ ಅಥವಾ ಮುಂದೆ, ಅಷ್ಟರೊಳಗೇ ಓಡುತ್ತದೆ ಎಂದು ರೋಲೆಕ್ಸ್ ಮಾತು ಕೊಡುತ್ತದೆ. ಹೊಸೂರಿನಲ್ಲಿ ಹುಟ್ಟಿದ ಟೈಟನ್‌ನ ಸಾದಾ ಕ್ವಾರ್ಟ್ಜ್ ವಾಚು ಅದಕ್ಕಿಂತ ಸರಿಯಾಗಿ ಓಡುತ್ತದೆ, ಏಕೆಂದರೆ ಅದರೊಳಗಿನ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಈ ಸತ್ಯವನ್ನು ಸಂಗ್ರಹಕಾರರ ಎದುರು ಆಡಿದರೆ ಎರಡನೇ ಸಲ ಚಹಾಕ್ಕೆ ಕರೆಯುವುದಿಲ್ಲ.

ನೀರಿನ ಪರೀಕ್ಷೆ ನಮ್ಮಲ್ಲಿ ಕಡ್ಡಾಯ. ವಾಚಿನ ಬೆನ್ನ ಮೇಲೆ 30 ಮೀಟರ್ ಎಂದಿದ್ದರೆ ಬಾವಿಗೆ ಇಳಿಯಬೇಡಿ; ಕೈ ತೊಳೆಯುವಾಗ ಸಿಡಿಯುವ ಹನಿಗಷ್ಟೇ ಅದು. ರೋಲೆಕ್ಸ್ ಕಂಪನಿ 1926ರಲ್ಲಿ ಆಯ್‌ಸ್ಟರ್ ಎಂಬ ಭದ್ರ ಕವಚ ತಂದಿತು. ಮರುವರ್ಷ ಮರ್ಸಿಡಿಸ್ ಗ್ಲೈಟ್ಸ್ ಎಂಬ ಈಜುಗಾರ್ತಿ ಆ ವಾಚನ್ನು ಕೊರಳಿಗೆ ಕಟ್ಟಿಕೊಂಡು ಇಂಗ್ಲಿಷ್ ಕಾಲುವೆಯ ತಣ್ಣೀರಿನಲ್ಲಿ 10 ಗಂಟೆಗೂ ಮಿಕ್ಕಿ ಈಜಿದಳು. ವಾಚು ನಿಲ್ಲಲಿಲ್ಲ. ಭಲೇ. ಆದರೆ ಆಕೆ ಕೊನೆಗೆ ನೀರಿನಿಂದ ಮೇಲೆ ಬಂದಳಲ್ಲ! ಇಲ್ಲಿ ಮಳೆ ಹಿಡಿದರೆ ಕಪಾಟಿನಲ್ಲಿ ಮಲಗಿದ ವಾಚಿನ ಪಟ್ಟಿಗೂ ಬೂಷ್ಟು ಬರುತ್ತದೆ. ಗಾಜಿನ ಒಳಗೆ ಮಂಜು ಕಂಡರೆ ಬಚ್ಚಲೊಲೆಯ ಬಳಿ ಇಡುವ ಮನೆಮದ್ದು ಬೇಡ, ಬೆನ್ನು ಬಿಚ್ಚಿಸಿ ಒಣಗಿಸಿ. ಚರ್ಮದ ಪಟ್ಟಿಯನ್ನು ಅಡಿಕೆ ಬೇಯಿಸುವ ಕಾಲದಲ್ಲಿ ಕಟ್ಟಿಕೊಳ್ಳಲೇಬಾರದು. ಚೊಗರು ಹತ್ತಿದರೆ ಅದು ಯಾವ ಬ್ರ್ಯಾಂಡು ಎಂದು ಕೇಳುವುದಿಲ್ಲ.

ಇನ್ನು ಎಚ್‌ಎಂಟಿ. ಸ್ವಿಸ್ ವಾಚುಗಳನ್ನು ಇದರ ಪಕ್ಕದಲ್ಲಿಟ್ಟೇ ತೂಗಬೇಕು ಎಂಬುದು ಈ ಕೈಪಿಡಿಯ ಹಟ. ಅದರ ವಾಚು ಕಾರ್ಖಾನೆ ಜಪಾನಿನ ಸಿಟಿಜನ್ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾಯಿತು; ಆಮೇಲೆ ತುಮಕೂರಿನಲ್ಲೂ ಕಾರ್ಖಾನೆ ಎದ್ದಿತು. 2016ರಲ್ಲಿ ವಾಚು ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ಅಜ್ಜನ ಪೆಟ್ಟಿಗೆಯಲ್ಲಿ ಕೇಳುವವರಿಲ್ಲದೆ ಬಿದ್ದಿದ್ದ ಜನತಾ, ಪೈಲಟ್, ಕೋಹಿನೂರ್‌ಗಳಿಗೆ ಆಮೇಲೆ ಮೊಮ್ಮಕ್ಕಳ ನಡುವೆ ಹಿಸ್ಸೆಯ ಜಗಳ. ಪೈಲಟ್ ಕೈಗೆ ಬಂದರೆ ಭೂತಗನ್ನಡಿ ಹಿಡಿದು ಕಪ್ಪು ಮುಖವನ್ನು ನೋಡಿ. ಅಕ್ಷರಗಳ ಅಂಚು ಕದಡಿದ್ದರೆ, ಅಂಕಿ ಒಂದು ಕೂದಲೆಳೆ ವಾಲಿದ್ದರೆ, ಅದು ಮತ್ತೆ ಬಣ್ಣ ಬಳಿದ ಡಯಲು. ಹೀಗೆ ಗಿಳಿಹಸಿರು, ಕಿತ್ತಳೆ ಬಣ್ಣ ಬಳಿದ ಪೈಲಟ್‌ಗಳೂ ಪೇಟೆಗೆ ಬಂದಿವೆ. ಮಾರುವವನ ನಗುಮುಖಕ್ಕೆ ಮರುಳಾಗಬೇಡಿ. ನಂತರ ಕಿವಿಗೆ ಹಿಡಿಯಿರಿ. ಸೆಕೆಂಡಿಗೆ 5 ಸಲ ಟಿಕ್ ಎಂದರೆ ಸರಿ. ಈಗಿನ ಹೆಚ್ಚಿನ ರೋಲೆಕ್ಸ್‌ಗಳು 8 ಸಲ ಬಡಿಯುತ್ತವೆ, ಮುಳ್ಳು ಜಾರಿದಂತೆ ಕಾಣುವುದು ಅದಕ್ಕೇ. ಸದ್ದಿನ ಗತ್ತಿನಲ್ಲಿ ಮಾತ್ರ ನಾನು ಪೈಲಟ್ ಪಕ್ಷ.

ರಿಪೇರಿಯ ಅಂಕದಲ್ಲೂ ಅದೇ ಮುಂದೆ. ಪೇಟೆಯ ಹಳೆಯ ವಾಚು ರಿಪೇರಿಯವರು ಎಚ್‌ಎಂಟಿಯನ್ನು ಮಾತಾಡುತ್ತಲೇ ಬಿಚ್ಚುತ್ತಾರೆ. ರೋಲೆಕ್ಸ್ ಕೊಟ್ಟರೆ ಮಾತು ನಿಲ್ಲಿಸಿ ಬೆಂಗಳೂರಿನ ದಾರಿ ತೋರಿಸುತ್ತಾರೆ.

ಕೊನೆಯದಾಗಿ ಕೀಲಿ. ಆಟೊಮ್ಯಾಟಿಕ್ ವಾಚು ಕೈಯ ಚಲನೆಯಿಂದ ಓಡುವಂಥದ್ದು. ಕವಳ ಹಾಕಲು ಮಾತ್ರ ಕೈ ಎತ್ತುವವರ ಮಣಿಕಟ್ಟಿನಲ್ಲಿ ಅದು ಮರ್ಯಾದೆಯಿಂದ ನಿಂತುಬಿಡುತ್ತದೆ. ಅಂಥವರು ಕೀಲಿ ಕೊಡುವ ವಾಚನ್ನೇ ಕಟ್ಟಲಿ, ದಿನವೂ ಬೆಳಿಗ್ಗೆ ಅದೇ ಹೊತ್ತಿಗೆ ತಿರುಗಿಸಲಿ, ಬಿಗಿಯಾದ ಕೂಡಲೇ ನಿಲ್ಲಿಸಲಿ. "ಕೀಲಿ ಆಜೋ ಇಲ್ಯೋ" ಎಂದು ಹೋಗುವವರು ಬರುವವರೆಲ್ಲ ತಿರುಗಿಸಿ ನೋಡುವ ಕೂಡುಕುಟುಂಬವಾದರೆ ಕ್ವಾರ್ಟ್ಜ್ ಕೊಳ್ಳಿ.